ಜೋಕಾಲಿ ಕಟ್ಟಲು ಒಂದು ಮರ, ಕುಣಿ ತೋಡಲು ಒಂದಿಷ್ಟು ಮಣ್ಣು ಬಿಡಿ: ಕೊಪ್ಪಳ ಜಿಲ್ಲೆಯ ಗ್ರಾಮ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಕೊಪ್ಪಳ ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಸದಸ್ಯರು ಮತ್ತು ಅಭಿವೃದ್ಧಿ ಅಧಿಕಾರಿಗಳಿಗೆ

ವಿಷಯ: ಹಬ್ಬದ ಆಟಗಳಿಗೆ ಊರಲ್ಲಿ ಇದ್ದ ಜಾಗ ಉಳಿಸಿಕೊಡುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯವಳು. ಒಕ್ಕಲುತನದ ಮನೆ. ಊರಿನ ಸ್ವಸಹಾಯ ಸಂಘದಲ್ಲಿ ಇದ್ದೇನೆ. ನನ್ನ ಊರಿನ ಹೆಸರು ಇಲ್ಲಿ ಬರೆದಿಲ್ಲ. ಯಾರ ಮೇಲೂ ಸೇಡು ತೀರಿಸಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ನಮ್ಮ ಊರಲ್ಲಿ ಆದದ್ದೇ ಸುತ್ತಲಿನ ಬಹಳ ಊರುಗಳಲ್ಲಿ ಆಗಿದೆ. ಬೇರೆ ಬೇರೆ ಊರಿನ ಸಂಘದ ಹೆಣ್ಣುಮಕ್ಕಳ ಜೊತೆ ಮಾತಾಡಿದಾಗ ಇದು ಗೊತ್ತಾಯಿತು. ಅದಕ್ಕೇ ಈ ಪತ್ರ ನಿಮ್ಮೆಲ್ಲರಿಗೂ.

ಊರ ಅಂಚಿಗೆ, ಗಾಂವಠಾಣದ ಜಾಗದಲ್ಲಿ, ಅಂದರೆ ಊರಿಗೆಲ್ಲ ಸೇರಿದ ಜಾಗದಲ್ಲಿ, ಒಂದು ದೊಡ್ಡ ಬೇವಿನ ಮರ ಇತ್ತು. ನಾಗರ ಪಂಚಮಿಗೆ ಊರ ಜೋಕಾಲಿ ಕಟ್ಟುತ್ತಿದ್ದದ್ದು ಅದಕ್ಕೇ. ಕೆಲವು ವರ್ಷಗಳ ಹಿಂದೆ ಅಲ್ಲಿ ಮಳಿಗೆ ಕಟ್ಟಿಸಬೇಕು, ಪಂಚಾಯಿತಿಗೆ ಬಾಡಿಗೆ ಬರುತ್ತದೆ ಅಂತ ತೀರ್ಮಾನ ಆಯಿತು. ಮರ ಕಡಿದರು. ಉಳಿದ ಬಯಲಿಗೆ ಸಿಮೆಂಟ್ ಹಾಕಿದರು. ಮಳಿಗೆಗಳಲ್ಲಿ ಅರ್ಧದಷ್ಟು ಶಟರ್ ಇವತ್ತಿಗೂ ಮುಚ್ಚೇ ಇವೆ. ಮರ ಕಡಿಯುವ ಮೊದಲು ಊರಿನ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳಿದವರಿಲ್ಲ. ಕೇಳಬೇಕು ಅಂತ ಯಾರಿಗೂ ಅನಿಸಲೂ ಇಲ್ಲ. ನನಗೆ ಜಾಸ್ತಿ ನೋವಾದದ್ದು ಅದಕ್ಕೆ.

ಮಾನ್ಯರೇ, ಪಂಚಮಿ ನಮ್ಮ ಕಡೆ ಎಂಥಾ ಹಬ್ಬ ಅಂತ ನಿಮಗೆ ಗೊತ್ತೇ ಇದೆ. ಗೊತ್ತಿದ್ದೂ ಮರೆತಿದ್ದೀರಿ ಅನಿಸುತ್ತಿದೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮುಂಗಾರಿ ಬಿತ್ತನೆ ಮುಗಿದಿರುತ್ತದೆ. ಹೆಸರು, ಸಜ್ಜೆ, ತೊಗರಿ ಎದ್ದು ನಿಂತಿರುತ್ತವೆ. ಮೈಮುರಿಯುವ ಕೆಲಸ ಸ್ವಲ್ಪ ಸಡಿಲ ಆಗಿರುತ್ತದೆ. ಅಣ್ಣನೋ ತಮ್ಮನೋ ಬಂದು ಕೊಟ್ಟ ಮನೆಯಿಂದ ಹೆಣ್ಣುಮಗಳನ್ನು ಕರೆದುಕೊಂಡು ಹೋಗುತ್ತಾನೆ. ರೊಟ್ಟಿ ಪಂಚಮಿಯ ದಿನ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ ಮನೆಯಿಂದ ಮನೆಗೆ ಹೋಗುತ್ತವೆ. ಮರುದಿನ ನಾಗಪ್ಪನಿಗೆ ಹಾಲೆರೆದು, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ತಿಂದು, ಎಲ್ಲರೂ ಹೊರಡುವುದು ಜೋಕಾಲಿ ಮರದ ಕಡೆಗೆ.

ಗಂಡುಮಕ್ಕಳು ಬೆಳಿಗ್ಗೆಯೇ ಮರ ಹತ್ತಿ ಹಗ್ಗ ಕಟ್ಟಿಕೊಡುತ್ತಿದ್ದರು. ಟೊಂಗೆಗೆ ಹಗ್ಗ ಉಜ್ಜಿ ಹರಿಯಬಾರದು ಅಂತ ಗೋಣಿಚೀಲ ಮಡಚಿ ಸುತ್ತಿ, ಅದರ ಮೇಲೆ ಗಂಟು ಹಾಕುತ್ತಿದ್ದರು. ಮೊದಲು ಇಬ್ಬರು ಗಟ್ಟಿ ಆಳು ಜೋತುಬಿದ್ದು ಎಳೆದು ನೋಡುತ್ತಿದ್ದರು. ಆಮೇಲೆ ಜೋಕಾಲಿ ಹೆಣ್ಣುಮಕ್ಕಳದ್ದು. ಹಲಗೆಯ ಮೇಲೆ ಇಬ್ಬರು ಎದುರುಬದುರು ನಿಂತು, ಒಬ್ಬಳು ಕುಕ್ಕರಿಸಿದಾಗ ಇನ್ನೊಬ್ಬಳು ಎದ್ದು ಜೀಕುವುದು. ಸೀರೆಯ ಕಚ್ಚೆ ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲಿನ ಎಲೆ ಕಾಲಲ್ಲಿ ಮುಟ್ಟುವವರೆಗೂ ಜೀಕುವುದು. ಕೆಳಗೆ ನಿಂತವರು ಗಂಡನ ಹೆಸರು ಹೇಳು ಅಂತ ಕಾಡಿಸುವುದು. ಎರಡು ಮಕ್ಕಳ ತಾಯಿಯೂ, ಮೊಮ್ಮಕ್ಕಳ ಕಂಡ ಅಜ್ಜಿಯೂ ಸಾಲಿನಲ್ಲಿ ನಿಂತು ತನ್ನ ಪಾಳಿಗೆ ಕಾಯುವುದು.

ಒಂದು ಮಾತು ಕೇಳುತ್ತೇನೆ. ಮದುವೆಯಾದ ಹೆಂಗಸು ಊರ ಬಯಲಲ್ಲಿ, ಎಲ್ಲರ ಎದುರು, ಯಾರ ಅಪ್ಪಣೆಯೂ ಇಲ್ಲದೆ ಆಟ ಆಡುವುದಕ್ಕೆ ವರ್ಷದಲ್ಲಿ ಇನ್ನೊಂದು ದಿನ ಇದೆಯಾ? ಗಂಡಸರಿಗೆ ಕಟ್ಟೆ ಇದೆ, ಚಹಾದ ಅಂಗಡಿ ಇದೆ, ವಾಲಿಬಾಲ್ ಇದೆ, ಕ್ರಿಕೆಟ್ ಇದೆ. ನಮಗೆ ಇದ್ದದ್ದು ಆ ಜೋಕಾಲಿ ಒಂದೇ. ಮರ ಹೋದಾಗ ನೆರಳು ಹೋಯಿತು ಅಂತ ನೀವು ಲೆಕ್ಕ ಹಾಕಿದಿರಿ. ಬೇರೆ ಕಡೆ ಸಸಿ ಹಚ್ಚಿದ್ದೇವೆ ಅಂದಿರಿ. ಹೋದದ್ದು ನೆರಳಷ್ಟೇ ಅಲ್ಲ.

ಮರುವರ್ಷದ ಪಂಚಮಿಯನ್ನು ನಾನೇ ಕಣ್ಣಾರೆ ನೋಡಿದೆ. ತವರಿಗೆ ಬಂದ ಹೆಣ್ಣುಮಕ್ಕಳು ಉಂಡಿ ತಿಂದರು, ಒಂದಿಷ್ಟು ಹೊತ್ತು ಟಿವಿ ಮುಂದೆ ಕುಳಿತರು, ಫೋನ್ ನೋಡಿದರು, ಮರುದಿನ ಬೆಳಗಿನ ಬಸ್ಸಿಗೆ ಹೋದರು. ಹಳೇ ಮನೆ ಇದ್ದವರು ತೊಲೆಗೆ ಹಗ್ಗ ಹಾಕಿ ಸಣ್ಣ ಮಕ್ಕಳನ್ನು ತೂಗಿದರು. ಈಗ ಆರ್‌ಸಿಸಿ ಮನೆಗಳು, ತೊಲೆಯೂ ಇಲ್ಲ. ಅದೇ ದಿನ ಮಳಿಗೆಗಳ ಹಿಂದೆ ಗಂಡಸರ ಗುಂಪುಗಳು ಕುಳಿತಿದ್ದವು. ಇಸ್ಪೀಟು. ಪಂಚಮಿಗೆ ಇಸ್ಪೀಟು ಆಡಿದರೆ ಯಾರೂ ಹಿಡಿಯುವುದಿಲ್ಲ ಅನ್ನುವ ಮಾತು ನಮ್ಮ ಕಡೆ ಮೊದಲಿಂದಲೂ ಇದೆ. ಜೂಜಿಗೆ ಕಾನೂನಿನಲ್ಲಿ ಹಬ್ಬದ ರಜೆ ಇಲ್ಲ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಶೇಂಗಾ ಬೀಜಕ್ಕೆ ಮಾಡಿದ ಸಾಲ ಇನ್ನೂ ತೀರಿರುವುದಿಲ್ಲ, ಗೊಬ್ಬರಕ್ಕೆ ಅಂತ ಇಟ್ಟ ದುಡ್ಡು ಅವತ್ತು ರಾತ್ರಿ ಹೋಗಿರುತ್ತದೆ. ಅದರ ಜಗಳ ಶ್ರಾವಣ ಮುಗಿಯುವವರೆಗೂ ಮನೆಯೊಳಗೆ ನಡೆಯುತ್ತದೆ.

ಮೊದಲು ಗಂಡಸರಿಗೂ ಬೇರೆ ಆಟ ಇದ್ದವು. ಲಿಂಬೆಹಣ್ಣು ಒಗೆಯುವ ಪಂದ್ಯ. ಅಗಸಿಯಿಂದ, ಅಂದರೆ ಊರ ಬಾಗಿಲಿಂದ, ಆಚೆ ಊರಿನ ಹನುಮಪ್ಪನ ಗುಡಿಯವರೆಗೆ ಎಷ್ಟು ಎಸೆತದಲ್ಲಿ ಹಣ್ಣು ಮುಟ್ಟಿಸುತ್ತೀ ಅಂತ ಪಣ ಕಟ್ಟುವುದು. ಊರಿಗೆ ಊರೇ ಹಣ್ಣಿನ ಹಿಂದೆ ಓಡುವುದು. ಕಲ್ಲುಗುಂಡು ಎತ್ತುವುದು. ಕಣ್ಣು ಕಟ್ಟಿಕೊಂಡು ಗುರಿ ಮುಟ್ಟುವುದು. ಪಣವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಪಣ ಅಂದರೆ ತೆಂಗಿನಕಾಯಿ, ಕೊಬ್ಬರಿ, ಹೆಚ್ಚೆಂದರೆ ಒಂದು ರುಮಾಲು. ಸೋತವನು ಹೆಂಡತಿಯ ಮುಖ ನೋಡಲು ಅಂಜುವಂಥ ಪಣ ಅಲ್ಲ. ಲಿಂಬೆಹಣ್ಣು ಒಗೆಯಲು ಬಯಲು ಬೇಕು, ಕಲ್ಲು ಎತ್ತಲು ಮಣ್ಣಿನ ನೆಲ ಬೇಕು. ಇಸ್ಪೀಟಿಗೆ ಒಂದು ಟವೆಲ್ ಹಾಸುವಷ್ಟು ಜಾಗ ಸಾಕು. ಬಯಲು ಹೋದ ಮೇಲೆ ಯಾವ ಆಟ ಉಳಿಯುತ್ತದೆ ಅಂತ ನೀವೇ ಯೋಚನೆ ಮಾಡಿ.

ಪಂಚಮಿ ಒಂದೇ ಅಲ್ಲ. ನಮ್ಮ ಹಬ್ಬಗಳಲ್ಲಿ ಬಹಳಷ್ಟು ಒಂದೊಂದು ಆಟ ಇಟ್ಟುಕೊಂಡೇ ಬಂದವು. ಕಾರ ಹುಣ್ಣಿಮೆಗೆ ಎತ್ತು ಸಿಂಗರಿಸಿ ಅಗಸಿಯಲ್ಲಿ ಕರಿ ಹರಿಯುವುದು, ಅಂದರೆ ಅಡ್ಡ ಕಟ್ಟಿದ ತೋರಣವನ್ನು ಓಡಿಬಂದ ಎತ್ತು ಹರಿಯುವುದು. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಬೆಳೆ ಚೆನ್ನ, ಕೆಂದ ಎತ್ತು ಬಂದರೆ ಮುಂಗಾರಿ ಚೆನ್ನ ಅನ್ನುತ್ತಾರೆ. ಆಮೇಲೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಹೆಣ್ಣುಹುಡುಗಿಯರು ಮಣ್ಣಲ್ಲಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಒತ್ತಿ ಸಿಂಗಾರ ಮಾಡಿ, ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಉಂಡು ಆಡಿ ಬರುತ್ತಾರೆ. ಗಣಪತಿ ಬಂದ ಮೇಲೆ ಜೋಕುಮಾರ. ಹೋಳಿಗೆ ಹಲಗೆ ಬಾರಿಸುತ್ತಾ, ಕಾಮಣ್ಣನಿಗೆ ಕುಳ್ಳು, ಕಟ್ಟಿಗೆ ಕದಿಯುವ ಹುಡುಗರು. ಹಬ್ಬ ಅಲ್ಲದ ಆಟಗಳಿಗೂ ಕಾಲ ಇತ್ತು. ಸುಗ್ಗಿ ಮುಗಿದು ಹೊಲ ಖಾಲಿಯಾದಾಗ ಚಿಣಿಪಣಿ ಅಂದರೆ ಚಿನ್ನಿದಾಂಡು, ಮತ್ತೆ ಲಗೋರಿ. ಬೇಸಿಗೆಯ ಮಧ್ಯಾಹ್ನ, ಬಿಸಿಲಿಗೆ ಹೊರಗೆ ಕಾಲಿಡಲು ಆಗದಾಗ, ಗುಡಿ ಕಟ್ಟೆಯ ಮೇಲೆ ಚೌಕಾಬಾರ, ಹುಲಿ-ಕುರಿ, ಅಳಗುಳಿಮನೆ.

ಇದನ್ನು ಯಾರೂ ಕೂತು ಯೋಜನೆ ಹಾಕಿ ಮಾಡಿದ್ದಲ್ಲ. ಹೊಲದ ಕೆಲಸ ಎಲ್ಲಿ ಬಿಡುವು ಕೊಟ್ಟಿತೋ ಅಲ್ಲಿ ಹಬ್ಬ ಬಂತು, ನೆಲ ಯಾವ ಆಟಕ್ಕೆ ಒಗ್ಗಿತೋ ಆ ಆಟ ಬಂತು. ಮಣ್ಣೆತ್ತಿನ ಅಮಾವಾಸ್ಯೆ ಮೊದಲ ಮಳೆ ಬಿದ್ದ ಮೇಲೇ ಯಾಕೆ? ಆಗ ಕೆರೆಯಲ್ಲಿ, ಹಳ್ಳದಲ್ಲಿ ಮಿದುವಾದ ಮಣ್ಣು ಸಿಗುತ್ತದೆ. ಈಗ ಪೇಟೆಯಲ್ಲಿ ಅಚ್ಚಿನ ಎತ್ತು ತಂದು ಪೂಜೆ ಮಾಡಿ ಮುಗಿಸುತ್ತೇವೆ. ಪೂಜೆ ಆಗುತ್ತದೆ, ಮಕ್ಕಳ ಕೈ ಮಣ್ಣಾಗುವುದಿಲ್ಲ. ಎತ್ತಿನ ಹಿಣಿಲು ಎಷ್ಟು ಎತ್ತರ, ಕೋಡು ಯಾವ ಕಡೆ ಬಾಗಬೇಕು ಅಂತ ನಮ್ಮ ಮಕ್ಕಳು ಕಲಿತದ್ದು ಆ ಮಣ್ಣಿನಿಂದಲೇ.

ಗಂಗಾವತಿ, ಕಾರಟಗಿ ಕಡೆಯ ಸದಸ್ಯರು ಒಂದು ಮಾತು ಹೇಳಬಹುದು. ತುಂಗಭದ್ರಾ ಕಾಲುವೆ ಬಂದ ಮೇಲೆ ನಮ್ಮಲ್ಲಿ ಭತ್ತ, ಶ್ರಾವಣದಲ್ಲಿ ನಾಟಿ, ಪಂಚಮಿಗೆ ಬಿಡುವೆಲ್ಲಿದೆ ಅಂತ. ಮಾತು ನಿಜ. ಕೆಸರಲ್ಲಿ ಬಗ್ಗಿ ನಾಟಿ ಹಚ್ಚುವ ಹೆಣ್ಣುಮಕ್ಕಳಿಗೆ ಆ ತಿಂಗಳು ಉಸಿರಾಡಲೂ ಹೊತ್ತಿರುವುದಿಲ್ಲ. ಅಂಥ ಊರಲ್ಲಿ ಪಂಚಮಿಯ ಒಂದು ದಿನ ನಾಟಿಗೆ ಬಿಡುವು ಅಂತ ಊರೇ ಒಪ್ಪಂದ ಮಾಡಿಕೊಳ್ಳಬಹುದು. ಹಿಂದೆ ಸೋಮವಾರ ಎತ್ತು ಹೂಡಬಾರದು ಅಂತ ಊರೇ ನಡೆಸಿಕೊಂಡು ಬಂದಿತ್ತಲ್ವಾ? ಎತ್ತಿಗೆ ಕೊಟ್ಟ ಬಿಡುವನ್ನು ಹೆಣ್ಣುಮಗಳಿಗೂ ಕೊಡಿ.

ಇನ್ನು ಸಿಸಿ ರಸ್ತೆಯ ಮಾತು. ರಸ್ತೆ ಬೇಡ ಅಂತ ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ಓಣಿಯಲ್ಲಿ ಮೊಣಕಾಲು ಕೆಸರು ತುಳಿದವಳು ನಾನು. ಆದರೆ ಓಣಿಗೆ ಹಾಕಿದ ಸಿಮೆಂಟು ಶಾಲೆಯ ಅಂಗಳಕ್ಕೂ, ಗುಡಿಯ ಮುಂದಿನ ಬಯಲಿಗೂ, ಕಟ್ಟೆಯ ಸುತ್ತಲೂ ಬಂತು. ಉಳಿದ ಕಡೆ ಪೇವರ್ ಕಲ್ಲು. ಗೋಲಿ ಆಡಲು ಒಂದು ಸಣ್ಣ ಕುಣಿ ಬೇಕು. ಚಿಣಿಪಣಿಗೂ ಕುಣಿ ಬೇಕು. ಸಿಮೆಂಟಿನಲ್ಲಿ ಕುಣಿ ಹೇಗೆ ತೋಡುತ್ತಾರೆ? ಕುಂಟಾಟ ಆಡಿ ಬಿದ್ದರೆ ಮೊದಲು ಮೊಣಕಾಲು ತರಚುತ್ತಿತ್ತು, ಈಗ ಹೊಲಿಗೆ ಹಾಕಿಸಬೇಕು. ತಾಯಂದಿರೇ ಆಡಬೇಡಿ ಅಂತ ಒಳಗೆ ಕರೆಯುತ್ತಾರೆ. ನಾನೂ ಕರೆದಿದ್ದೇನೆ.

ಈ ಮಾತು ಎತ್ತಿದಾಗಲೆಲ್ಲ ಒಂದೇ ಉತ್ತರ ಬರುತ್ತದೆ. ಈಗಿನ ಮಕ್ಕಳಿಗೆ ಮೊಬೈಲ್ ಬಿಟ್ಟರೆ ಏನೂ ಬೇಡ, ನೀವು ಜಾಗ ಕೊಟ್ಟರೂ ಅವರು ಆಡುವುದಿಲ್ಲ ಅಂತ. ನಾನು ಕಂಡದ್ದು ಹೇಳುತ್ತೇನೆ. ನಮ್ಮ ಓಣಿಯಲ್ಲಿ ಒಬ್ಬರು ಮನೆ ಕಟ್ಟಿಸಲು ಒಂದು ಟ್ರಾಕ್ಟರ್ ಮರಳು ಇಳಿಸಿದರು. ಅವತ್ತು ಸಂಜೆಯೇ ಓಣಿಯ ಮಕ್ಕಳೆಲ್ಲ ಅಲ್ಲಿ. ಒಂದು ಕಡೆ ಮರಳಲ್ಲಿ ಕಡ್ಡಿ ಮುಚ್ಚಿಟ್ಟು ಹುಡುಕುವ ಆಟ, ಇನ್ನೊಂದು ಕಡೆ ಕುಣಿ ತೋಡಿ ಗೋಲಿ, ಗುಡ್ಡೆಯ ಮೇಲಿಂದ ಜಿಗಿದಾಟ. ಯಾರೂ ಕಲಿಸಿರಲಿಲ್ಲ. ಕತ್ತಲಾದರೂ ಒಳಗೆ ಬರಲಿಲ್ಲ. ಮರಳು ಖಾಲಿ ಆಗುವವರೆಗೂ ಹೀಗೇ ನಡೆಯಿತು. ಮರಳು ಮುಗಿದ ಮೇಲೆ ಮತ್ತೆ ಜಗಲಿ, ಮತ್ತೆ ಫೋನು. ಮಕ್ಕಳಿಗೆ ಆಟ ಬೇಡವಾಗಿಲ್ಲ, ಮಾನ್ಯರೇ. ಆಡಲು ನೆಲ ಇಲ್ಲ.

ಜಾನಪದ ಆಟ ಉಳಿಸಬೇಕು ಅಂತ ಉತ್ಸವಗಳಲ್ಲಿ ಸ್ಪರ್ಧೆ ಇಡುವುದನ್ನೂ ನೋಡಿದ್ದೇನೆ. ರಾಯಚೂರಿನಲ್ಲಿ ಕಾರ ಹುಣ್ಣಿಮೆಗೆ ಮುಂಗಾರು ಹಬ್ಬ ಮಾಡಿ ಎತ್ತುಗಳಿಂದ ಭಾರದ ಕಲ್ಲು ಎಳೆಸುತ್ತಾರೆ, ಸಾವಿರಾರು ಜನ ಸೇರುತ್ತಾರೆ. ಹಂಪಿ ಉತ್ಸವದಲ್ಲಿ ಗ್ರಾಮೀಣ ಕ್ರೀಡೆಗಳು ನಡೆಯುತ್ತವೆ. ಒಳ್ಳೆಯದೇ. ಅದರಲ್ಲೂ ರಾಯಚೂರಿನ ಹಬ್ಬ ತನ್ನ ಕಾಲದಲ್ಲೇ, ಕಾರ ಹುಣ್ಣಿಮೆಗೇ ನಡೆಯುತ್ತದೆ, ಅದು ನನಗೆ ಮೆಚ್ಚುಗೆ. ಆದರೆ ಪಂಚಾಯಿತಿ ಮಟ್ಟದಲ್ಲಿ ಅದನ್ನೇ ನಕಲು ಮಾಡಬೇಡಿ. ವೇದಿಕೆ, ಶಾಮಿಯಾನ, ಅತಿಥಿಗಳ ಭಾಷಣ, ಹಾರ ತುರಾಯಿ, ಕೊನೆಗೆ ಅರ್ಧ ಗಂಟೆ ಲಗೋರಿ, ಒಂದು ಪ್ರಮಾಣಪತ್ರ. ಅದರ ಖರ್ಚಿನಲ್ಲಿ ಎರಡು ಊರಿಗೆ ಆಟದ ಜಾಗ ಮಟ್ಟ ಮಾಡಿಸಬಹುದು. ಆಟ ದಿನಾ ಆಡಿದರೆ ಉಳಿಯುತ್ತದೆ. ವರ್ಷಕ್ಕೊಮ್ಮೆ ತೋರಿಸಿದರೆ ಉಳಿಯುವುದಿಲ್ಲ.

ಈಗ ನಾವು ಕೇಳುವುದೇನು ಅಂತ ಹೇಳುತ್ತೇನೆ. ನಾವು ಅಂದರೆ ನಾನು ಮತ್ತು ನಮ್ಮ ಸಂಘದ ಹೆಣ್ಣುಮಕ್ಕಳು.

ಮೊದಲನೆಯದು ಮರ. ನಿಮ್ಮ ಪಂಚಾಯಿತಿಗೆ ಸೇರಿದ ಪ್ರತಿ ಊರಲ್ಲೂ ಪಂಚಮಿ ಜೋಕಾಲಿ ಕಟ್ಟುವ ಮರ ಯಾವುದು, ಆಟದ ಬಯಲು ಯಾವುದು ಅಂತ ಊರ ಹೆಂಗಸರನ್ನೇ ಕೇಳಿ ಗುರುತು ಮಾಡಿ. ಪಂಚಾಯಿತಿಯ ದಾಖಲೆಯಲ್ಲಿ ಬರೆಯಿರಿ. ಆ ಜಾಗದಲ್ಲಿ ಮಳಿಗೆ, ಭವನ, ನೀರಿನ ಟ್ಯಾಂಕು ಯಾವುದೂ ಬರಬಾರದು ಅಂತ ಗ್ರಾಮ ಸಭೆಯಲ್ಲಿ ಠರಾವು ಮಾಡಿ. ಮರ ಈಗಾಗಲೇ ಹೋಗಿರುವ ಊರಲ್ಲಿ ಬೇವು, ಹುಣಸೆ, ಆಲ ಹಚ್ಚಿ. ಅದು ಜೋಕಾಲಿಯ ಭಾರ ತಡೆಯುವ ಹೊತ್ತಿಗೆ ನಮ್ಮ ಮೊಮ್ಮಕ್ಕಳ ಕಾಲ ಬರುತ್ತದೆ. ಅಲ್ಲಿಯವರೆಗೆ ಗಟ್ಟಿಯಾದ ಕಬ್ಬಿಣದ ಕಂಬದ ಜೋಕಾಲಿ ಹಾಕಿಸಿ. ಇಲ್ಲಿ ಒಂದು ವಿಷಯ ಮರೆಯಬೇಡಿ. ಉದ್ಯಾನದಲ್ಲಿ ಹಾಕುವ ಬಣ್ಣಬಣ್ಣದ ಪುಟ್ಟ ಜೋಕಾಲಿ ಬೇಡ, ಅದು ಸಣ್ಣ ಮಕ್ಕಳದ್ದು. ಇಬ್ಬರು ದೊಡ್ಡ ಹೆಂಗಸರು ಎದುರುಬದುರು ನಿಂತು ಜೀಕಿದರೂ ಅಲುಗದಂಥ ಎತ್ತರದ, ಭಾರದ ಜೋಕಾಲಿ ಬೇಕು.

ಜೋಕಾಲಿಯಿಂದ ಬಿದ್ದು ಪೆಟ್ಟಾದ ಸುದ್ದಿ ಆಗಾಗ ಕೇಳುತ್ತೇವೆ. ಹಗ್ಗ ಹರಿದದ್ದು, ಟೊಂಗೆ ಮುರಿದದ್ದು, ಹತ್ತಿರದಲ್ಲೇ ಕರೆಂಟಿನ ತಂತಿ ಇದ್ದದ್ದು. ನಿಮಗೆ ಅದರ ಭಯ ಇರುವುದು ಸಹಜ. ಅದಕ್ಕೆ ದಾರಿ ಇದೆ. ಹಬ್ಬಕ್ಕೆ ಒಂದು ವಾರ ಮೊದಲು ಮರದ ಟೊಂಗೆ, ಸುತ್ತಲಿನ ತಂತಿ ನೋಡಿಸಿ. ಹೊಸ ಹಗ್ಗ ಪಂಚಾಯಿತಿಯಿಂದಲೇ ಕೊಡಿಸಿ. ಭಯಕ್ಕೆ ಮರವನ್ನೇ ಕಡಿಯುವುದು ಪರಿಹಾರ ಅಲ್ಲ.

ಎರಡನೆಯದು ಮಣ್ಣು. ಶಾಲೆಯ ಹತ್ತಿರವೋ ಗುಡಿಯ ಹತ್ತಿರವೋ ಒಂದು ತುಂಡು ನೆಲ ಸಿಮೆಂಟು, ಪೇವರ್ ಇಲ್ಲದೆ ಬಿಡಿ. ಕಲ್ಲುಮುಳ್ಳು ಆರಿಸಿ, ಮಟ್ಟ ಮಾಡಿಸಿ, ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು. ಉದ್ಯೋಗ ಖಾತ್ರಿ ಕೆಲಸದಲ್ಲಿ ಶಾಲೆಯ ಮೈದಾನ ಮಾಡಿಸಿದ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಶಾಲೆಗೆ ಗೇಟು ಹಾಕಿ ಬೀಗ ಜಡಿದಿದ್ದರೆ ಸಂಜೆ ಹೊತ್ತು ತೆಗೆಸುವ ವ್ಯವಸ್ಥೆ ಮಾಡಿ. ಶಾಲಾ ಅಭಿವೃದ್ಧಿ ಸಮಿತಿಯಲ್ಲಿ ಕುಳಿತು ಮಾತಾಡಿದರೆ ಇದು ಒಂದು ಸಭೆಯಲ್ಲಿ ಮುಗಿಯುವ ಕೆಲಸ.

ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಮಾಡಿದ್ದೀರಿ. ಕೆಲವು ಕಡೆ ಕೇರಂ, ಚೆಸ್ ಇಟ್ಟಿದ್ದೀರಿ. ಅದರ ಪಕ್ಕದಲ್ಲೇ ಚೌಕಾಬಾರ, ಹುಲಿ-ಕುರಿ, ಅಳಗುಳಿಮನೆ ಇಡಿ. ಚೌಕಾಬಾರಕ್ಕೆ ಏನು ಬೇಕು? ಐದು ಸಾಲು ಐದು ಮನೆ, ನಾಲ್ಕು ಕವಡೆ, ಬಳೆಚೂರು. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಎದುರಾಳಿಯ ಕಾಯಿ ಕಡಿಯದೆ ಒಳಮನೆಗೆ ಹೋಗುವ ಹಾಗಿಲ್ಲ. ಲೆಕ್ಕ ಬರದ ನಮ್ಮ ಅಜ್ಜಿಯರು ಎದುರಾಳಿಯ ಕಾಯಿ ಎಷ್ಟು ಬಿದ್ದರೆ ಎಲ್ಲಿ ಸಿಗುತ್ತದೆ ಅಂತ ಕಣ್ಣಲ್ಲೇ ಲೆಕ್ಕ ಹಾಕುತ್ತಿದ್ದರು. ಹೊಳೆಯಾಚೆಯ ಹಂಪಿಯ ಮಂಟಪಗಳಲ್ಲಿ ನೆಲಗಲ್ಲಿನ ಮೇಲೆ ಇಂಥ ಆಟದ ಮನೆಗಳನ್ನು ಕೊರೆದದ್ದು ಇವತ್ತಿಗೂ ಕಾಣುತ್ತದೆ. ನಮ್ಮ ಜಿಲ್ಲೆಯಲ್ಲೇ ಕಿನ್ನಾಳ ಇದೆ. ಹಗುರ ಮರದಲ್ಲಿ ಗೊಂಬೆ ಮಾಡಿ ಬಣ್ಣ ಹಚ್ಚುವ ಚಿತ್ರಗಾರ ಮನೆತನಗಳು ಅಲ್ಲಿವೆ. ಜಿಲ್ಲೆಯ ಅರಿವು ಕೇಂದ್ರಗಳಿಗೆಲ್ಲ ಆಟದ ಮಣೆ ಮತ್ತು ಕಾಯಿಗಳನ್ನು ಅವರಿಂದಲೇ ಮಾಡಿಸಿದರೆ ಅವರಿಗೂ ಕೆಲಸ ಸಿಗುತ್ತದೆ. ಬೇಸಿಗೆ ಶಿಬಿರಕ್ಕೆ ಆಟ ಕಲಿಸಲು ಹೊರಗಿನಿಂದ ಯಾರನ್ನೂ ಕರೆಸಬೇಕಿಲ್ಲ. ಊರಿನ ಅಜ್ಜಿಯರನ್ನು ಕರೆಯಿರಿ. ಬಂದುಹೋಗುವ ಖರ್ಚಿಲ್ಲ, ಆದರೆ ಅವರಿಗೂ ಗೌರವಧನ ಕೊಡಿ, ಸುಮ್ನೆ ಕಲಿಸಿಕೊಳ್ಳಬೇಡಿ.

ಪಂಚಮಿಯ ಇಸ್ಪೀಟಿನ ಬಗ್ಗೆ ನೀವು ಠಾಣೆಗೆ ಪತ್ರ ಬರೆಯಬೇಕು. ಹಬ್ಬದ ದಿನ ಊರವರ ಮೇಲೆ ಕೇಸು ಹಾಕಿಸಿದರು ಅಂತ ಮತ ಹೋಗುವ ಅಂಜಿಕೆ ನಿಮಗಿದೆ, ಅದು ನಮಗೆ ತಿಳಿಯದ ವಿಷಯ ಅಲ್ಲ. ಹಾಗಾದರೆ ಅದೇ ದಿನ ಬಯಲಲ್ಲಿ ಲಿಂಬೆಹಣ್ಣಿನ ಪಂದ್ಯ ಕಟ್ಟಿಸಿ, ಕಲ್ಲುಗುಂಡು ಹೊರಗೆ ತೆಗೆಸಿ, ಪಣಕ್ಕೆ ಪಂಚಾಯಿತಿಯಿಂದ ತೆಂಗಿನಕಾಯಿ ಕೊಡಿ. ಇಸ್ಪೀಟಿನ ಸುತ್ತ ನಿಂತು ನೋಡುತ್ತಿರುವ ಹದಿನಾರು ಹದಿನೇಳರ ಹುಡುಗರನ್ನಾದರೂ ಈ ಕಡೆ ಎಳೆಯಬಹುದು. ನನ್ನ ಚಿಂತೆ ಅವರದ್ದೇ.

ಮಕ್ಕಳ ಗ್ರಾಮ ಸಭೆ ವರ್ಷಕ್ಕೊಮ್ಮೆ ಮಾಡುತ್ತೀರಿ. ಅಲ್ಲಿ ಮಕ್ಕಳು ಆಟದ ಜಾಗ ಕೇಳುತ್ತಾರೆ. ನಮ್ಮ ಊರಲ್ಲೂ ಕೇಳಿದರು. ಪುಸ್ತಕದಲ್ಲಿ ಬರೆದುಕೊಂಡರು, ಚಪ್ಪಾಳೆ ತಟ್ಟಿದರು, ಅಷ್ಟೇ. ಮಕ್ಕಳು ಕೇಳಿದ್ದಕ್ಕೆ ಮುಂದಿನ ಸಭೆಯಲ್ಲಿ ಆಯಿತು ಅಥವಾ ಇಂಥ ಕಾರಣಕ್ಕೆ ಆಗಲಿಲ್ಲ ಅಂತ ಉತ್ತರ ಕೊಡಿ.

ಕೊನೆಯದಾಗಿ, ಪಂಚಾಯಿತಿಯ ಮಹಿಳಾ ಸದಸ್ಯರಿಗೆ ಬೇರೆಯಾಗಿ ಒಂದು ಮಾತು. ಅಕ್ಕಾರೇ, ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧ ಸ್ಥಾನ ನಮಗೆ ಮೀಸಲು. ನೀವೂ ಪಂಚಮಿಗೆ ತವರಿಗೆ ಹೋದವರೇ, ಕೊಬ್ಬರಿ ಬಟ್ಟಲಿಗೆ ಎರಡು ತೂತು ಮಾಡಿ ಬಣ್ಣದ ದಾರ ಪೋಣಿಸಿ ಗಿರಗಿರ ಆಡಿಸಿದವರೇ, ಜೋಕಾಲಿ ಜೀಕಿದವರೇ. ಮರ ಕಡಿಯುವ ಠರಾವು ಬಂದಾಗ ನಿಮ್ಮ ಸಹಿಯೂ ಅದರ ಮೇಲೆ ಬೇಕಾಗುತ್ತದೆ. ಮನೆಯವರು ಹೇಳಿದರು ಅಂತ ಸಹಿ ಮಾಡಬೇಡಿ. ಜೋಕಾಲಿ ಎಲ್ಲಿ ಕಟ್ಟಬೇಕು ಅಂತ ಮೊದಲು ಕೇಳಿ, ಉತ್ತರ ಬರುವವರೆಗೂ ಪೆನ್ನು ಕೆಳಗಿಡಿ.

ಬರುವ ಗ್ರಾಮ ಸಭೆಗೆ ನಮ್ಮ ಸಂಘದವರೆಲ್ಲ ಬರುತ್ತೇವೆ. ಈ ಪತ್ರದ ಪ್ರತಿ ಕೈಯಲ್ಲಿ ಇರುತ್ತದೆ. ಮಳಿಗೆಯ ಹಿಂದೆ ಇನ್ನೂ ಸ್ವಲ್ಪ ಖಾಲಿ ಜಾಗ ಉಳಿದಿದೆ, ಅದನ್ನು ಅಳೆದು ಇಟ್ಟುಕೊಂಡಿದ್ದೇವೆ. ಕಬ್ಬಿಣದ ಜೋಕಾಲಿಗೆ ಅಷ್ಟು ಸಾಕು. ಸಂಘದ ಉಳಿತಾಯದಿಂದ ನಮ್ಮ ಪಾಲು ಹಾಕಲು ಒಪ್ಪಿದ್ದೇವೆ. ಆಷಾಢ ಮುಗಿಯುವುದರೊಳಗೆ ಜಾಗ ತೋರಿಸಿ ಠರಾವು ಕೊಡಿ ಅನ್ನುವುದು ನಮ್ಮ ವಿನಂತಿ. ಉಳಿದ ಊರುಗಳ ಹೆಣ್ಣುಮಕ್ಕಳೂ ತಮ್ಮ ತಮ್ಮ ಪಂಚಾಯಿತಿಯಲ್ಲಿ ಇದನ್ನೇ ಕೇಳಲಿದ್ದಾರೆ. ದಯವಿಟ್ಟು ಅವರನ್ನು ಕೂರಿಸಿ ಮಾತಾಡಿಸಿ.

ಇಂತಿ,
ಕುಷ್ಟಗಿ ತಾಲ್ಲೂಕಿನ ಒಬ್ಬ ಒಕ್ಕಲಗಿತ್ತಿ
ಹಾಗೂ ಸ್ವಸಹಾಯ ಸಂಘದ ಸದಸ್ಯೆಯರು